ಅಕ್ಕನ ಎರಡನೆಯ ಹೆಸರು

ಅರ್ಜಿಯಲ್ಲಿ ತಪ್ಪು ಹುಡುಕುವುದರಲ್ಲಿ ಮಾನ್ವಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಇಪ್ಪತ್ತು ವರ್ಷ ದಾಟಿತು. ಒಂದು ಕಾಲಂ ಖಾಲಿ ಕಂಡರೆ ಸಾಕು, ಕನ್ನಡಕ ಹಣೆಗೇರಿಸಿ, ಇದನ್ನು ಯಾರು ತುಂಬಬೇಕು, ನಿಮ್ಮ ತಾತ ಬಂದು ತುಂಬುತ್ತಾನೇನು ಎಂದು ಕೇಳಿ ಕಾಗದವನ್ನು ಹಿಂದಕ್ಕೆ ತಳ್ಳುತ್ತಿದ್ದೆ. ಒಂದು ದಿನದ ಕೂಲಿ ಬಿಟ್ಟು ಬಸ್ಸು ಹಿಡಿದು ಬಂದವರು ಏನೂ ಅನ್ನದೆ ಎತ್ತಿಕೊಂಡು ಹೋಗುತ್ತಿದ್ದರು. ನನಗೆ ಅದರಲ್ಲಿ ಒಂದು ಬಗೆಯ ಹೆಮ್ಮೆಯೇ ಇತ್ತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಕಲಗಚ್ಚಿನ ಬಾನಿಯಲ್ಲಿ ಬಿತ್ತಂತೆ. ನಾನು ಬಿದ್ದದ್ದು ನನ್ನ ಅಕ್ಕನ ಪಾಸ್‌ಪೋರ್ಟ್ ಅರ್ಜಿಯಲ್ಲಿ.

ಅಕ್ಕ ಇರುವುದು ದೇವದುರ್ಗದ ಕಡೆಯ ಅರಕೇರಾದಲ್ಲಿ. ಅಲ್ಲಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಅವಳ ಗಂಡ ಗೌಂಡಿ ಕೆಲಸಕ್ಕೆಂದು ಪುಣೆಗೆ ಹೋಗಿ ಅಲ್ಲಿಯೇ ಇನ್ನೊಂದು ಸಂಸಾರ ಹೂಡಿದಾಗ ಮಗಳಿಗೆ ಎರಡು ವರ್ಷ. ಆಮೇಲೆ ಅವನು ಊರಿಗೆ ಬರಲಿಲ್ಲ, ಇವಳು ಹುಡುಕಿಕೊಂಡು ಹೋಗಲಿಲ್ಲ. ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು ಮಗಳನ್ನು ಬೆಳೆಸಿದಳು. ಕಾಲೇಜಿಗೆ ಹೋಗುತ್ತಿದ್ದ ನನಗೂ ಬುತ್ತಿ ಕಟ್ಟಿದಳು.

ನಮ್ಮ ಕಡೆ ಹಳೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆ, ಕುಬಸದಂಥ ಕಾರ್ಯಗಳಲ್ಲಿ ಎಲ್ಲರೂ ಕಾಡಿದಾಗ ಒಡಪೆಂಬ ಪ್ರಾಸದ ಪದದಲ್ಲಿ ಸೇರಿಸಿ, ನಾಚಿಕೊಂಡು ಹೇಳುತ್ತಾರೆ. ಒಡಪಿನ ಸರದಿ ತನ್ನ ಹತ್ತಿರ ಬರುವಷ್ಟರಲ್ಲಿ ಅಕ್ಕ ನೀರು ತರುವ ನೆಪ ಮಾಡಿ ಎದ್ದುಹೋಗುತ್ತಿದ್ದಳು. ಪದ್ಧತಿ ಮುರಿಯಲು ಅಂಜುತ್ತಾಳೆ ಎಂದು ಊರು ತಿಳಿದಿತ್ತು. ಹಾಗಲ್ಲವೆಂದು ನನಗೆ ಗೊತ್ತಿತ್ತು. ಬೇರೆ ಹೆಂಗಸರು ‘ಅವರು’ ಅನ್ನುವಲ್ಲಿ ಅವಳು ‘ಆಂವ’ ಅನ್ನುತ್ತಿದ್ದಳು, ಅದೂ ವರ್ಷಕ್ಕೊಮ್ಮೆ.

ಮಗಳು ರಾಯಚೂರಿನಲ್ಲಿ ನರ್ಸಿಂಗ್ ಓದಿ ದುಬೈಗೆ ಹೋದಳು. ಕೊಲ್ಲಿಯ ಯಾವ ದೇಶಕ್ಕೆ ಹೋದರೂ ನಮ್ಮ ಜನ ದುಬೈ ಎಂದೇ ಹೇಳುತ್ತಾರೆ, ನಾನೂ ಹಾಗೆಯೇ ಬರೆಯುತ್ತೇನೆ. ಅವಳ ಗಂಡನೂ ಅಲ್ಲಿಯೇ ಕೆಲಸದಲ್ಲಿದ್ದಾನೆ. ಮೊದಲ ಬಸಿರು ಐದನೆಯ ತಿಂಗಳಿಗೆ ಇಳಿದುಹೋಯಿತು. ಎರಡನೆಯದು ನಿಂತಾಗ ಬಿ.ಪಿ. ಏರಿತು, ವಿಮಾನ ಹತ್ತಕೂಡದು ಎಂದು ಅಲ್ಲಿಯ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಹೆರಿಗೆಗೆ ತವರಿಗೆ ಬರಬೇಕಾದ ಮಗಳು ಬರುವಂತಿಲ್ಲ, ಇನ್ನು ತಾಯಿಯೇ ಹೋಗಬೇಕು. ಎಷ್ಟೋ ಹೆರಿಗೆ ಮಾಡಿಸಿದ ನರ್ಸು ಫೋನಿನಲ್ಲಿ ಅತ್ತಳಂತೆ, ನನ್ನ ಸರದಿಗೆ ನೀನು ಪಕ್ಕದಲ್ಲಿರಬೇಕು ಎಂದಳಂತೆ. ಅಕ್ಕ ಮಾತು ಕೊಟ್ಟಳು. ಮರುದಿನವೇ ಬಸ್ಸು ಹತ್ತಿ ಮಾನ್ವಿಗೆ, ನನ್ನ ಮನೆಗೆ ಬಂದಳು. ಅಲ್ಲಿಯವರೆಗೆ ಅವಳು ರಾಯಚೂರು ದಾಟಿ ಹೋದವಳಲ್ಲ.

ಅರ್ಜಿಯನ್ನು ನಾನೇ ತುಂಬಿದೆ. ಇಂಥದ್ದನ್ನು ಏಜೆಂಟರ ಕೈಗೆ ಕೊಡುವುದು ನನಗೆ ಅವಮಾನ. ಹೆಸರು ಟೈಪು ಮಾಡಿದ ಮೇಲೆ ಅಡ್ಡಹೆಸರಿನ, ಅಂದರೆ ಸರ್‌ನೇಮಿನ ಕಾಲಂ ಬಂತು. ಕೂಲಿ ಮಾಡಿ ಬದುಕಿದ ನಮ್ಮ ಮನೆತನಕ್ಕೆ ಅಡ್ಡಹೆಸರು ಯಾವ ಕಾಗದದಲ್ಲಿಯೂ ಇಲ್ಲ. ಆಧಾರ್, ರೇಷನ್ ಕಾರ್ಡು ಎಲ್ಲದರಲ್ಲಿಯೂ ಅಕ್ಕನದು ಒಂದೇ ಹೆಸರು, ಅದರ ಕೆಳಗೆ ಗಂಡನ ಹೆಸರು. ಅದನ್ನೇ ಅಡ್ಡಹೆಸರಾಗಿ ಹಾಕಲೇ ಎಂದು ಕೇಳಿದೆ. ಅವಳು ಕಂಪ್ಯೂಟರಿನ ಪರದೆಯ ಮೇಲೆ ಅಂಗೈ ಇಟ್ಟುಬಿಟ್ಟಳು.

“ಗಂಡನ ಕಾಲಮಿನ್ಯಾಗ ಇದ್ರ ಇರ್ಲಿ, ಅದು ಸರಕಾರದ್ದು. ನನ್ನ ಹೆಸರಿನ ಹಿಂದ ಆಂವ ಬ್ಯಾಡ.”

ನನಗೆ ಭೇಷ್ ಅನ್ನಿಸಿತು. ಇಷ್ಟು ವರ್ಷಕ್ಕೆ ಒಂದು ಸಲವಾದರೂ ಅಕ್ಕನ ಮಾತು ನಡೆಸಿದೆನಲ್ಲ ಎಂದು ಖುಷಿಯಿಂದ ಕಾಲಂ ಖಾಲಿ ಬಿಟ್ಟೆ. ಪಾಸ್‌ಪೋರ್ಟಿಗೆ ಅದರಿಂದ ಅಡ್ಡಿಯಾಗಲಿಲ್ಲ. ಹೋಗಬೇಕಾದ ದೇಶದ ನಿಯಮವನ್ನೂ ಓದಬೇಕಿತ್ತು, ಓದಲಿಲ್ಲ. ಪಾಸ್‌ಪೋರ್ಟು ಬಂದ ದಿನ ಅಕ್ಕ ಅದಕ್ಕೆ ಕುಂಕುಮ ಹಚ್ಚಲು ಹೋದಳು; ಕಲೆಯಾದರೆ ಕೆಟ್ಟಿತು ಎಂದು ಗದರಿಸಿದೆ. ಅಷ್ಟು ಜಾಣ ನಾನು.

ವೀಸಾಕ್ಕೆ ಮಾತ್ರ ಮಾನ್ವಿ ಬಸ್‌ಸ್ಟ್ಯಾಂಡಿನ ಬದಿಯ ಒಬ್ಬ ಹಿರಿಯರ ಹತ್ತಿರ ಹೋಗಬೇಕಾಯಿತು. ಮೆಕ್ಕಾದ ಉಮ್ರಾ ಯಾತ್ರಿಕರ ಕಾಗದಪತ್ರ ಮಾಡಿಕೊಡುವವರು, ಮನೆಯಲ್ಲಿ ದಖನಿ ಉರ್ದು, ಅಂಗಡಿಯಲ್ಲಿ ನಮ್ಮ ಕನ್ನಡ. ಮಗಳು ಕಳಿಸಿದ ಪತ್ರ, ಬಿಳಿ ಹಿನ್ನೆಲೆಯ ಫೋಟೋ, ಹೋಗಿ ಬರುವ ಟಿಕೀಟಿನ ವಿವರ ಎಲ್ಲವನ್ನೂ ನಾನು ಪಿನ್ನು ಹೊಡೆದು ಒಯ್ದಿದ್ದೆ. ಅವರು ಬೇರೇನನ್ನೂ ಮುಟ್ಟದೆ ಪಾಸ್‌ಪೋರ್ಟನ್ನು ಬೆಳಕಿಗೆ ಹಿಡಿದು ನೋಡಿದರು. ಅಡ್ಡಹೆಸರಿನ ಜಾಗ ಖಾಲಿ ಇದೆ, ಒಂದೇ ಪದದ ಹೆಸರಿದ್ದವರಿಗೆ ಆ ದೇಶ ಈಗ ವಿಸಿಟ್ ವೀಸಾ ಕೊಡುವುದಿಲ್ಲ ಎಂದರು. ನನ್ನ ಪಿತ್ತ ನೆತ್ತಿಗೇರಿತು. ನಮ್ಮ ಅರ್ಧ ತಾಲೂಕಿನ ಹೆಂಗಸರಿಗೆ ಇರುವುದೇ ಒಂದು ಹೆಸರು, ಅವರೇನು ಮನುಷ್ಯರಲ್ಲವೇ, ಇದು ಯಾವ ಸೀಮೆಯ ನಿಯಮ ಎಂದು ಕೂಗಾಡಿದೆ. ಅವರು ಚಹಾ ತರಿಸಿದರು.

“ಸಾಹೇಬ್ರ, ಒಂದು ಕಾಲಂ ಖಾಲಿ ಅದ ಅಂತ ನೀವು ನನ್ನ ಅರ್ಜಿ ಎರಡು ಸಲ ವಾಪಸ್ ಕೊಟ್ಟೀರಿ. ಅವತ್ತು ನಾ ಏನರ ಅಂದೀನೇನ್ರಿ?”

ನನಗೆ ಆ ಅರ್ಜಿಯ ನೆನಪೂ ಇರಲಿಲ್ಲ. ಚಹಾ ಬಿಸಿಯಿದ್ದುದರಿಂದ ತಲೆ ತಗ್ಗಿಸಿ ಕೂರಲು ಒಂದು ನೆಪ ಸಿಕ್ಕಿತು.

ಮಗಳಿಗಾಗ ಏಳು ತಿಂಗಳು ತುಂಬಿತ್ತು. ಪಾಸ್‌ಪೋರ್ಟನ್ನು ಹೊಸದಾಗಿ ಮಾಡಿಸಬೇಕು. ಅದಕ್ಕೂ ಮೊದಲು ಆಧಾರ್ ತಿದ್ದಿಸಬೇಕು, ವಕೀಲರಿಂದ ಅಫಿಡವಿಟ್ ಬರೆಸಬೇಕು, ಹೆಸರು ಬದಲಾಯಿತೆಂದು ಪೇಪರಿನಲ್ಲಿ ಹಾಕಿಸಬೇಕು. ಬರಗಾಲದಲ್ಲಿ ಅಧಿಕ ಮಾಸ ಅನ್ನುವುದು ಇದಕ್ಕೇ. ಎರಡನೆಯ ಹೆಸರಾಗಿ ಅಪ್ಪನ ಹೆಸರನ್ನು ಹಾಕೋಣವೆಂದರೆ ಅಕ್ಕ ಅವನ ಮಗಳೆಂದು ಹೇಳುವ ಒಂದು ಚೂರು ಕಾಗದ ನಮ್ಮ ಬಳಿ ಇಲ್ಲ. ಎಲ್ಲ ಕಡೆ ಇದ್ದದ್ದು ಗಂಡನದೇ ಹೆಸರು. ಅವಳನ್ನು ಬಿಟ್ಟುಹೋದವನು ಅವಳ ಕಾಗದಗಳನ್ನು ಮಾತ್ರ ಬಿಟ್ಟಿರಲಿಲ್ಲ. ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಅವಳು ಸೀರೆಯ ಅಂಚಿನ ದಾರ ಎಳೆಯುತ್ತ, ನಿನಗೆ ಹೇಗೆ ತಿಳಿಯುತ್ತದೋ ಹಾಗೆ ಮಾಡು ಎಂದಳು.

ಹೊಸ ಪಾಸ್‌ಪೋರ್ಟಿನ ಅರ್ಜಿಗೆ ರಾಯಚೂರಿಗೆ ಹೋದೆವು. ಓದು ಬಾರದವಳೆಂದು ನನ್ನನ್ನೂ ಒಳಗೆ ಬಿಟ್ಟರು. ಕೌಂಟರಿನಲ್ಲಿದ್ದ ಹೆಣ್ಣುಮಗಳು ಕಾಗದ ನೋಡಿ, ಇನ್ನು ಮುಂದೆ ನಿಮ್ಮ ಪೂರ್ತಿ ಹೆಸರು ಏನು, ನಿಮ್ಮ ಬಾಯಿಂದಲೇ ಹೇಳಿ ಎಂದಳು. ಅಕ್ಕ ತನ್ನ ಹೆಸರು ಹೇಳಿ ನಿಲ್ಲಿಸಿದಳು. ಅದರ ಹಿಂದಿನದು ಎಂದು ಕೌಂಟರಿನವಳು ಕೇಳಿದಳು. ಅಕ್ಕ ಮೇಜಿನ ಅಂಚನ್ನೇ ನೋಡುತ್ತ ನಿಂತಳು. ಆ ಹೆಣ್ಣುಮಗಳು ನಮ್ಮ ಕಡೆಯವಳೇ ಇರಬೇಕು, ನಕ್ಕು, ಗಂಡನ ಹೆಸರಲ್ಲವೇ, ಹೇಳದಿದ್ದರೆ ನಡೆಯುತ್ತದೆ ಎಂದು ಕಾಗದ ಎಳೆದುಕೊಳ್ಳುವುದರಲ್ಲಿದ್ದಳು. ಅಲ್ಲಿಗೆ ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನನ್ನೊಳಗಿನ ಗುಮಾಸ್ತ ಸುಮ್ಮನಿರಲಿಲ್ಲ. ಎಲ್ಲಿ ಇದೂ ವಾಪಸ್ ಬರುತ್ತದೋ ಎಂಬ ಹೆದರಿಕೆ, ತಪ್ಪು ಮಾಡಿದವನ ಸಿಟ್ಟು.

“ಹೇಳವಾ. ಮಗಳು ಬೇಕೋ, ನಿನ್ನ ಹಟ ಬೇಕೋ?” ಎಂದೆ.

ಅಕ್ಕ ಹೇಳಿದಳು. ತಗ್ಗಿದ ದನಿಯಲ್ಲಿ, ಪೂರ್ತಿಯಾಗಿ, ತನ್ನ ಹೆಸರು ಮತ್ತು ಅದರ ಹಿಂದೆ ಅವನ ಹೆಸರು. ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ನಾನು ಆ ಹೆಸರು ಕೇಳಿದ್ದು ಅದೊಂದೇ ಸಲ. ಅದನ್ನು ಇಲ್ಲಿ ನಾನು ಬರೆಯುವುದಿಲ್ಲ. ಅವಳನ್ನು ಊರಿಗೆ ಮುಟ್ಟಿಸಲು ದೇವದುರ್ಗದ ಬಸ್ಸು ಹತ್ತಿದೆವು. ಕಲ್ಮಲದಲ್ಲಿ ಬಸ್ಸು ನಿಂತಾಗ ಶೇಂಗಾ ಕೊಡಿಸಲೇ ಎಂದು ಕೇಳಿದೆ, ಬೇಡವೆಂದು ತಲೆ ಅಲ್ಲಾಡಿಸಿದಳು. ಅವತ್ತಿನಷ್ಟು ಸಣ್ಣವನು ನಾನು ಯಾವತ್ತೂ ಆಗಿರಲಿಲ್ಲ.

ಪಾಸ್‌ಪೋರ್ಟು ಬರುವ ಹೊತ್ತಿಗೆ ಮಗಳಿಗೆ ಒಂಬತ್ತು ತುಂಬುತ್ತ ಬಂದಿತ್ತು. ಈ ಸಲ ವೀಸಾ ನಾಲ್ಕೇ ದಿನಕ್ಕೆ ಬಂತು. ಅಕ್ಕ ಬಾಣಂತಿಗೆಂದು ಡಬ್ಬಿ ತುಂಬ ಅಂಟಿನುಂಡಿ ಕಟ್ಟಿದ್ದಳು. ಅದರಲ್ಲಿ ಏನೇನು ಹಾಕಿದ್ದೀರಿ ಎಂದು ಆ ಹಿರಿಯರು ಕೇಳಿದರು. ಗಸಗಸೆ ಎಂದ ಕೂಡಲೇ ಕಿವಿ ಮುಟ್ಟಿಕೊಂಡರು. ಅಲ್ಲಿ ಗಸಗಸೆ ಎಂದರೆ ಅಫೀಮಿನ ಲೆಕ್ಕ, ಒಂದು ಕಾಳು ಸಿಕ್ಕರೂ ಹಿಡಿದು ಕೂರಿಸುತ್ತಾರೆ ಎಂದರು. ಡಬ್ಬಿ ನಮ್ಮ ಮನೆಯಲ್ಲೇ ಉಳಿಯಿತು. ಅಕ್ಕ ಕೊಬ್ಬರಿ, ಉತ್ತತ್ತಿ ಹಾಕಿ ಮತ್ತೆ ಕಟ್ಟಿದಳು. ಹೆಸರಿಗೂ ನಿಯಮ, ಉಂಡಿಗೂ ನಿಯಮ, ಮಗುವಾದರೂ ಅವರನ್ನು ಕೇಳದೆ ಹುಟ್ಟೀತೇನು ಎಂದು ಅವಳು ನಕ್ಕಳು. ಎಷ್ಟೋ ವಾರಗಳ ಮೇಲೆ ನಕ್ಕದ್ದು.

ಹೈದರಾಬಾದಿನ ವಿಮಾನ ನಿಲ್ದಾಣದ ಬಾಗಿಲವರೆಗೆ ನಾನು ಹೋದೆ. ಡಾಕ್ಟರು ಕೊಟ್ಟ ದಿನಕ್ಕೆ ಇನ್ನೂ ಎಂಟು ದಿನವಿತ್ತು. ಅವಳಿಗೆ ಒಂದು ವಾರ ಪಾಠ ಹೇಳಿದ್ದೆ. ಯಾರು ಕೇಳಿದರೂ ಪಾಸ್‌ಪೋರ್ಟು ತೋರಿಸು, ಟಿಕೀಟು ಬೇರೆ ಚೀಲದಲ್ಲಿಡು, ಕಣ್ಣಿನ ಫೋಟೋ ತೆಗೆಯುತ್ತಾರೆ, ಹೆದರಬೇಡ, ಕೂರು ಎಂದರೆ ಕೂರು, ಕರೆದಾಗ ಏಳು. ಎಲ್ಲವನ್ನೂ ಒಪ್ಪಿಸಿದಳು. ನಾನು ನಿಶ್ಚಿಂತನಾಗಿ ಮಾನ್ವಿಗೆ ಮರಳಿದೆ.

ಮಗುವಿಗೆ ಆ ಎಂಟು ದಿನದ ಲೆಕ್ಕ ಗೊತ್ತಿರಲಿಲ್ಲ. ಅಕ್ಕ ವಿಮಾನದಲ್ಲಿದ್ದಾಗಲೇ ಮಗಳಿಗೆ ನೋವು ಶುರುವಾಯಿತು. ಅಳಿಯ ಅವಳನ್ನು ಆಸ್ಪತ್ರೆಗೆ ಸೇರಿಸಿ, ಅತ್ತೆಯನ್ನು ಕರೆತರಲು ಬಂದು ನಿಲ್ದಾಣದ ಹೊರಗೆ ನಿಂತ. ವಿಮಾನ ಇಳಿಯಿತು, ಅದರಲ್ಲಿ ಬಂದವರೆಲ್ಲ ಹೊರಗೆ ಬಂದರು, ಅಕ್ಕ ಬರಲಿಲ್ಲ. ಅವನು ನನಗೆ ಮೂರು ಸಲ ಫೋನು ಮಾಡಿದ. ಕೊನೆಗೆ ಆಸ್ಪತ್ರೆಯಿಂದ ಕರೆ ಬಂತು, ಅವನು ಹೋಗಲೇಬೇಕಾಯಿತು. ನಾನು ಕಚೇರಿಯಲ್ಲಿ ಯಾರದೋ ಅರ್ಜಿ ಹಿಡಿದುಕೊಂಡು ಒಂದು ಅಕ್ಷರವೂ ಕಾಣದೆ ಕೂತಿದ್ದೆ. ಎರಡೂವರೆ ತಾಸಿನ ಮೇಲೆ ಅಕ್ಕ ಹೊರಗೆ ಬಂದಳಂತೆ. ಆಸ್ಪತ್ರೆ ಮುಟ್ಟಿದಾಗ ಮಗು ಹುಟ್ಟಿ ಅರ್ಧ ತಾಸಾಗಿತ್ತು. ಹೆಣ್ಣು, ಇಬ್ಬರೂ ಕ್ಷೇಮ. ಆದರೆ ನೋವಿನಲ್ಲಿ ಮಗಳು ಯವ್ವಾ, ಯವ್ವಾ ಎಂದು ಬಾಗಿಲ ಕಡೆಗೇ ನೋಡುತ್ತಿದ್ದಳೆಂದು ಅಳಿಯ ಹೇಳಿದ. ಅಕ್ಕ ಕೊಟ್ಟ ಮಾತು ಅಲ್ಲಿಗೆ ತಪ್ಪಿತು.

ಮರುದಿನ ಅಕ್ಕ ತಾನೇ ಫೋನು ಮಾಡಿದಳು. ಮಗುವಿನ ಮೂಗು ಯಾರ ಹಾಗಿದೆ, ಮಗಳು ಎಷ್ಟು ಹಾಲು ಕುಡಿದಳು ಎಲ್ಲ ಹೇಳಿದಳು. ನಿನ್ನೆ ಅಷ್ಟು ಹೊತ್ತು ಯಾಕೆ ಹಿಡಿದಿಟ್ಟಿದ್ದರು ಎಂದು ನಾನು ಕೇಳಿದೆ. ಯಾರೂ ಹಿಡಿದಿಡಲಿಲ್ಲ ಎಂದಳು. ಪಾಸ್‌ಪೋರ್ಟು ಇಸಿದುಕೊಂಡು ಅಲ್ಲಿ ಕೂರು ಎಂದು ಕೈ ತೋರಿಸಿದರಂತೆ, ಕೂತಳಂತೆ. ಕರೆದಾಗ ಏಳು ಎಂದು ನಾನು ಕಲಿಸಿದ್ದೆನಲ್ಲ, ಕರೆಯಲಿ ಎಂದು ಕಾದಳಂತೆ. ಕೊನೆಗೆ ನೆಲ ಒರೆಸುವ ಒಬ್ಬ ತೆಲುಗು ಹೆಂಗಸು ಮಾತಾಡಿಸಿ, ಕೌಂಟರಿಗೆ ಕರೆದೊಯ್ದಳಂತೆ. ಹಾಗಾದರೆ ಅವರು ನಿನ್ನನ್ನು ಕರೆಯಲೇ ಇಲ್ಲವೇ ಎಂದೆ.

“ನನ್ನ ಕರೀಲಿಲ್ಲ ತಮ್ಮಾ. ಆಂವನ ಹೆಸರು ಕೂಗಾಕತ್ತಿದ್ರು. ಐದಾರು ಸಲ ಕೂಗಿದ್ರು. ಇಷ್ಟು ವರ್ಷ ಆದಮ್ಯಾಲೆ ಇಲ್ಲಿಗೆ ಬಂದಾನೇನಂತ ಹೊಳ್ಳಿ ಹೊಳ್ಳಿ ನೋಡಿದೆ. ಮಾರಿ ಕಾಣಬಾರದಂತ ತಲಿಮ್ಯಾಲೆ ಸೆರಗು ಎಳಕೊಂಡು, ಮೂಲ್ಯಾಗ ಸರದು ಕುಂತೆ.”