ಹರಿಹರದ ಬಾರಿಗೆ ಅಣ್ಣ ಬಂದ ಮಧ್ಯಾಹ್ನ

ದಾವಣಗೆರೆಯವರು ಬೀರು ಕುಡಿಯಲು ಹರಿಹರಕ್ಕೆ ಹೋಗುತ್ತಿದ್ದರು, ಹರಿಹರದವರು ದಾವಣಗೆರೆಗೆ ಬರುತ್ತಿದ್ದರು. ತೊಂಬತ್ತರ ದಶಕದ ಕೊನೆಯ ಮಾತಿದು. ಸ್ವಂತ ಊರಲ್ಲಿ ಕುಡಿದರೆ ಸಂಜೆಯೊಳಗೆ ಬೀಗರ ಮನೆಗೂ ಸುದ್ದಿ ಮುಟ್ಟುತ್ತಿತ್ತು. ನಾನೂ ಭಾನುವಾರ ಮಧ್ಯಾಹ್ನ ಸ್ಕೂಟರ್ ಹತ್ತಿ ಹರಿಹರದ ಹೊಳೆಯ ಕಡೆಗಿದ್ದ ಒಂದು ಬಾರಿಗೆ ಹೋಗುತ್ತಿದ್ದೆ. ಅಲ್ಲೊಂದು ಕಟ್ಟಳೆ ಇತ್ತು. ಗುರುತಿನವರು ಎದುರಾದರೆ ನೋಡಿಯೂ ನೋಡದ ಹಾಗಿರಬೇಕು. ನಮ್ಮ ಓಣಿಯ ಹಿರಿಯರೊಬ್ಬರು ಪಕ್ಕದ ಟೇಬಲ್ಲಿನಲ್ಲೇ ಕೂರುತ್ತಿದ್ದರು, ಒಂದು ದಿನವೂ ನಾವು ಮುಖ ಎತ್ತಿ ನೋಡಿಕೊಂಡವರಲ್ಲ.

ಆ ಬಾರಿನ ಆಕರ್ಷಣೆ ಅಂದರೆ ಅಲ್ಲಿನ ಅಡುಗೆಯವನು. ನೇಪಾಳದವನು, ನನಗಿಂತ ದೊಡ್ಡವನು. ಅವರ ಮಾತಿನಲ್ಲಿ ಅಣ್ಣನಿಗೆ ದಾಜು ಅನ್ನುತ್ತಾರಂತೆ, ನಾವೂ ಹಾಗೇ ಕರೆಯುತ್ತಿದ್ದೆವು. ಎಲೆಕೋಸು ತುಂಬಿ ಹಬೆಯಲ್ಲಿ ಬೇಯಿಸಿದ ಮೊಮೊ ಮಾಡುತ್ತಿದ್ದ. ನೋಡಲು ನಮ್ಮ ಕಡುಬೇ. ಯಾವ ಬೀರಿಗೆ ಯಾವ ತಿಂಡಿ ಎಂದು ತೀರ್ಮಾನಿಸುವವನು ಅವನೇ. ಸ್ಟ್ರಾಂಗ್ ಬೀರಿಗೆ ಮಿರ್ಚಿ ಕೇಳಿದರೆ, "ಬ್ಯಾಡ ಸಾಬ್, ನಾಲಿಗೆ ಸಾಯ್ತೈತೆ" ಎಂದು ಎಳ್ಳು ಅರೆದು ಹಾಕಿದ ಆಲೂಗಡ್ಡೆ ಅಚಾರ್ ತಂದಿಡುತ್ತಿದ್ದ. ನಮ್ಮ ಖಾರ ಮಂಡಕ್ಕಿ ಏನಿದ್ದರೂ ತಿಳಿ ಬೀರಿಗೆ. ಮನಸ್ಸು ಬಂದರೆ, ಅಡುಗೆಮನೆಯ ಮೂಲೆಯ ಮಡಕೆಯಲ್ಲಿ ತಾನೇ ಹುಳಿ ಬರಿಸಿದ ರಾಗಿಯ ಬೀರನ್ನು ಒಂದು ಲೋಟ ಕೊಡುತ್ತಿದ್ದ. ಬಾಟಲಿ ಬೀರು ಅದರ ಮುಂದೆ ಏನೇನೂ ಅಲ್ಲ.

ಆಗ ಅಣ್ಣನಿಗೂ ನನಗೂ ಮಾತು ನಿಂತು ಎಂಟು ತಿಂಗಳು. ಇಬ್ಬರೂ ಒಂದೇ ಬಟ್ಟೆ ಅಂಗಡಿ ನಡೆಸುತ್ತಿದ್ದವರು. ಒಂದು ದಿನ ತಡವಾಗಿ ಬಂದೆನೆಂದು ಗಿರಾಕಿಗಳ ಮುಂದೆಯೇ ಬೈದ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. "ಅಂಗಡಿ ನೀನೇ ಇಟ್ಕಳಪ್ಪ. ಇನ್ಮ್ಯಾಲೆ ನನ್ನ ಮನಿ ಹೊಸ್ತಿಲು ತುಳೀಬ್ಯಾಡ!" ಎಂದು ಕೂಗಿ ಹೊರಬಿದ್ದೆ. ದೇವರಾಜ ಅರಸು ಬಡಾವಣೆಯಲ್ಲಿ ಬೇರೆ ಮನೆ ಮಾಡಿದೆ, ಸಣ್ಣದೊಂದು ಅಂಗಡಿಯನ್ನೂ ಹಾಕಿದೆ. ಆದರೆ ಒಳಗೊಳಗೇ ಒಂದೇ ಆಸೆ. ಅಣ್ಣ ಬಂದು ಒಂದು ಸಲ "ಬಾರಲೇ" ಅಂದರೆ ಸಾಕು, ಓಡಿ ಹೋಗುತ್ತೇನೆ. ನಾನೇ ಮೊದಲು ಯಾಕೆ ಹೋಗಲಿಲ್ಲ? ಕೊಬ್ಬು, ಮತ್ತೇನು!

ಅವತ್ತು ಭಾನುವಾರ ಮೊದಲ ತುತ್ತು ಬಾಯಿಗಿಟ್ಟಿದ್ದೆ. ಬಾಗಿಲಲ್ಲಿ ಅಣ್ಣ! ಬಿಳಿ ಅಂಗಿ, ಹಣೆತುಂಬ ವಿಭೂತಿ. ಸೋಡಾ ಬಿಟ್ಟು ಬೇರೇನೂ ಮುಟ್ಟದ ಮನುಷ್ಯ, ಅಂಗಿಯೊಳಗಿನ ಲಿಂಗದ ಮೇಲೆ ಕೈಯಿಟ್ಟುಕೊಂಡು ಹೊಗೆಯೊಳಗೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಮತ್ತೆ ನಾಲ್ಕು ಜನರ ಮುಂದೆ ಬೈಯಲು ಬಂದಿದ್ದಾನೆ ಅನ್ನಿಸಿತು. ಬೇರೇನೂ ಹೊಳೆಯಲೇ ಇಲ್ಲ ನೋಡಿ. ಬಗ್ಗಿಕೊಂಡು ಅಡುಗೆಮನೆಗೆ ನುಗ್ಗಿ, "ದಾಜು, ಯಾರಾದ್ರೂ ಕೇಳಿದ್ರೆ ನಾನಿಲ್ಲ" ಅಂದೆ. ಇಂಥದ್ದು ಅವನಿಗೆ ದಿನಾ ಇದ್ದದ್ದೇ. ತಲೆಯಾಡಿಸಿ ಹೊರಗೆ ಹೋದ.

ತಟ್ಟೆ ದಾಟಿಸುವ ಕಿಂಡಿಯಿಂದ ಅಣ್ಣನ ದನಿ ಕೇಳುತ್ತಿತ್ತು. "ನನ್ನ ತಮ್ಮ ಒಳಗದಾನೇನ್ರಿ? ಒಂದೇ ಮಾತು ಹೇಳ್ಬೇಕಿತ್ತು."

"ಇಲ್ಲ ಸಾಬ್. ಇವತ್ತು ಬಂದಿಲ್ಲ."

"ಸ್ಕೂಟರ್ ಹೊರಗೈತಲ್ರಿ."

ದಾಜು ಒಳಗೆ ಬಂದುಬಿಟ್ಟ. ಅಣ್ಣ ಹೋಗಲಿಲ್ಲ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತ. ಅರ್ಧ ಗಂಟೆ ಕೂತಿದ್ದ. ನಾನು ಒಳಗೆ ಅಕ್ಕಿ ಚೀಲದ ಮೇಲೆ. ದಾಜು ಪಾಪ, ಖಾರದ ಚಟ್ನಿಯ ಜೊತೆ ಬಿಸಿ ಮೊಮೊ ಕೊಟ್ಟ, ರಾಗಿಯ ಬೀರು ಕೊಟ್ಟ. ತಿಂದೆ, ಕುಡಿದೆ. ಹುಳಿಗೆ ಆ ಖಾರ ಎಷ್ಟು ಚೆನ್ನಾಗಿ ಹೊಂದಿತ್ತೆಂದರೆ, ಥೂ, ಬಾಯಿ ಚಪ್ಪರಿಸಿದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಕೊನೆಗೆ ಕುರ್ಚಿ ಸರಿದ ಸದ್ದು. "ಇರ್ಲಿ ಬಿಡ್ರಿ, ಉಣ್ಣಾಕೆ ಕೂತಿರ್ಬೇಕು. ಎಬ್ಬಿಸ್ಬ್ಯಾಡ್ರಿ" ಎಂದು ದಾಜುಗೆ ಹೇಳಿ ಹೋದ. ಬೈಯಲು ಬಂದವನ ದನಿ ಅದಲ್ಲ ಎಂದು ಅನ್ನಿಸಿತು. ಎದ್ದು ಹೋಗಬಹುದಿತ್ತು. ಬಾಯಲ್ಲಿ ಬೀರಿನ ವಾಸನೆ, ಅಣ್ಣನ ಮುಂದೆ ಹೇಗೆ ನಿಲ್ಲಲಿ ಎಂದುಕೊಂಡು ಅಲ್ಲೇ ಉಳಿದೆ.

ಎರಡು ತಿಂಗಳಿಗೆ ಹಳೆಯ ಅಂಗಡಿಯ ಆಳಿನ ಕೈಯಲ್ಲಿ ಅಣ್ಣನ ಮಗಳ ಲಗ್ನಪತ್ರಿಕೆ ಬಂತು. ನಾನು ಹೆಗಲ ಮೇಲೆ ಹೊತ್ತು ಬೆಳೆಸಿದ ಹುಡುಗಿ. ನಿಶ್ಚಿತಾರ್ಥ ಆದದ್ದೇ ನನಗೆ ಗೊತ್ತಿರಲಿಲ್ಲ. ಸಿಟ್ಟು ಉಕ್ಕಿತು, ಆದರೂ ಮದುವೆಗೆ ಹೋದೆ. ಅಕ್ಷತೆ ಹಾಕಲು ಹತ್ತಿರ ಹೋದಾಗ ಅವಳು ಕೈ ಹಿಡಿದುಕೊಂಡಳು.

"ಚಿಕ್ಕಪ್ಪ, ಅವತ್ತು ಭಾನುವಾರ ಯಾಕ ಬರ್ಲಿಲ್ಲ? ಗಂಡಿನ ಕಡೆಯೋರು ಮಾತಿಗೆ ಬಂದು ಕೂತಿದ್ರು. ಅಪ್ಪ, 'ನನ್ನ ತಮ್ಮ ಹೂಂ ಅನ್ನೋ ತನಕ ನಾನು ವೀಳ್ಯ ತಗಳಲ್ಲ' ಅಂತ ಅವ್ರನ್ನ ಹಂಗೇ ಕೂಡ್ರಿಸಿ ನಿನ್ನ ಕರ್ಕಂಡು ಬರಾಕೆ ಹೋದ. ಆಮ್ಯಾಲೆ ಒಬ್ನೇ ಬಂದ."

ಹೊಸ್ತಿಲು ತುಳಿಯಬೇಡ ಅಂದವನು ನಾನು. ಆ ಮಾತನ್ನು ಮೀರಲಾಗದೆ, ನಾನು ಸಿಗುವ ಇನ್ನೊಂದೇ ಜಾಗಕ್ಕೆ ಅಣ್ಣ ಬಂದಿದ್ದ. ಆ ಜಾಗ ಯಾರಿಗೂ ಗೊತ್ತಿಲ್ಲ ಎಂದು ನಂಬಿದ್ದವನು ನಾನೊಬ್ಬನೇ.

"ನಾನು ಊರಾಗಿರ್ಲಿಲ್ಲವ್ವ" ಅಂದೆ. ಅಂದ ಮೇಲೆ ನೋಡುತ್ತೇನೆ, ಪಕ್ಕದಲ್ಲೇ ಅಣ್ಣ ನಿಂತಿದ್ದಾನೆ.

"ಹೌದವ್ವ," ಅಂದ ಅಣ್ಣ. "ಇವನು ಊರಾಗಿರ್ಲಿಲ್ಲ. ನಾನು ಹೋದಾಗ ಮನಿಗೆ ಬೀಗ ಹಾಕಿತ್ತು."

ಹುಟ್ಟಿದಾಗಿನಿಂದ ಅವನ ಬಾಯಲ್ಲಿ ನಾನು ಕೇಳಿದ ಸುಳ್ಳು ಅದೊಂದೇ. ನನ್ನ ಮುಖ ನೋಡಲಿಲ್ಲ. ಮಗಳ ತಲೆ ಸವರಿ, ಬೀಗರನ್ನು ಊಟಕ್ಕೆ ಎಬ್ಬಿಸಲು ಹೋದ.