ಶುಕ್ರವಾರದ ಉಪ್ಪಿಟ್ಟು

ಹೈದರಾಬಾದಿನ ನಾಚಾರಂನ ಒಂದು ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್. ನಾವು ಮಾಡುವುದು ಪ್ಲಾಸ್ಟಿಕ್ ಡಬ್ಬಿಗಳ ಮುಚ್ಚಳ. ಮುಚ್ಚಳ ಸರಿಯಾಗಿ ಕೂರದಿದ್ದರೆ ಉಪ್ಪಿನಕಾಯಿಯ ಎಣ್ಣೆ ಸೋರುತ್ತದೆ, ಯಾರೂ ಸಾಯುವುದಿಲ್ಲ. ಇದು ನನ್ನ ತಲೆಗೆ ಗೊತ್ತಿತ್ತು, ಎದೆಗೆ ಗೊತ್ತಿರಲಿಲ್ಲ. ಮಾಲು ತುಂಬಿದ ಲಾರಿ ಗೇಟು ದಾಟಿದ ಕೂಡಲೇ ಎದೆ ಹೊಡೆದುಕೊಳ್ಳಲು ಶುರುಮಾಡುತ್ತಿತ್ತು. ಹೃದಯದ ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ನಿಮ್ಮ ಹೃದಯ ಬಹಳ ಚೆನ್ನಾಗಿದೆ ಎಂದರು. ಅಷ್ಟು ಒಳ್ಳೆಯ ಹೃದಯ ಇಟ್ಟುಕೊಂಡು ನಾನು ಬೆಳಿಗ್ಗೆ ಏಳಲಾಗದೆ ಗೋಡೆ ನೋಡುತ್ತ ಮಲಗಿರುತ್ತಿದ್ದೆ. ಕೊನೆಗೆ ನಾನೂ ಹೆಂಡತಿಯೂ ಮನಸ್ಸಿನ ಡಾಕ್ಟರ ಹತ್ತಿರ ಹೋದೆವು. ಆತಂಕವೂ ಇದೆ, ಖಿನ್ನತೆಯೂ ಇದೆ ಎಂದರು ಅವರು. ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು ಗುಳಿಗೆ, ನನ್ನನ್ನು ಕೇಳದೆ ನಿಲ್ಲಿಸಬೇಡಿ ಎಂದು ಒತ್ತಿ ಹೇಳಿ ಕಳಿಸಿದರು.

ನಾವು ಗದಗಿನ ಕಡೆಯ ಕ್ರೈಸ್ತರು. ಹೈದರಾಬಾದಿನಲ್ಲಿ ನಮ್ಮ ಕನ್ನಡ ಸಭೆ ಚಿಕ್ಕದು. ಭಾನುವಾರ ತೆಲುಗಿನವರ ಆರಾಧನೆ ಮುಗಿದ ಮೇಲೆ ಅವರ ಚರ್ಚಿನಲ್ಲೇ ನಾವು ಕೂಡುತ್ತೇವೆ. ಶುಕ್ರವಾರ ಮಾತ್ರ ಹೆಂಡತಿಯ ತವರಿನಲ್ಲಿ, ನಮ್ಮ ಅತ್ತೆಯ ಮನೆಯಲ್ಲಿ ಉಪವಾಸ ಪ್ರಾರ್ಥನೆ. ಬೆಳಿಗ್ಗೆಯಿಂದ ಯಾರೂ ಏನೂ ತಿನ್ನುವಂತಿಲ್ಲ. ಮೂರು ಗಂಟೆಗೆ ಪ್ರಾರ್ಥನೆ ಮುಗಿಸಿ ಎಲ್ಲರೂ ಕೂಡಿ ಊಟ ಮಾಡುತ್ತಾರೆ.

ನನ್ನ ಸುದ್ದಿ ಹೊರಬಿದ್ದ ಮೇಲೆ ಸಭೆಯವರು ಕೆಲವು ಶುಕ್ರವಾರಗಳನ್ನು ನನಗೇ ಮೀಸಲಿಟ್ಟರು. ನನ್ನ ಮಾನ ಕಾಯಲೆಂದು ಹೆಸರು ಹೇಳುತ್ತಿರಲಿಲ್ಲ. “ಮನಸ್ಸಿನ ಭಾರದಾಗ ಇರೋ ನಮ್ಮ ಒಬ್ಬ ಸಹೋದರನ ಸಲುವಾಗಿ” ಎನ್ನುತ್ತಿದ್ದರು. ಎಲ್ಲರೂ ನನ್ನ ಕಡೆ ತಿರುಗಿ ನೋಡುತ್ತಿದ್ದರು.

ಪ್ರಾರ್ಥನೆಯ ಮೇಲೆ ನನಗೆ ಸಿಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ ನನ್ನನ್ನು ಹಿಡಿದು ನಿಲ್ಲಿಸಿದ್ದೇ ಅದು. ಆ ದಿನಗಳಲ್ಲಿ ನನ್ನ ಸ್ವಂತ ಪ್ರಾರ್ಥನೆ ಒಂದೇ ಮಾತಿಗೆ ಇಳಿದಿತ್ತು: ಸ್ವಾಮಿ, ಇವತ್ತೊಂದು ಸ್ನಾನ ಮಾಡಿಸಿಬಿಡು. ಲೋಕರಕ್ಷಕನನ್ನು ಬಚ್ಚಲಿಗೆ ಕರೆಯುವುದು ಸರಿಯೋ ತಪ್ಪೋ ಗೊತ್ತಿಲ್ಲ, ಹೆಚ್ಚಿನ ದಿನ ಸ್ನಾನ ಆಗುತ್ತಿತ್ತು. ಅದಕ್ಕಿಂತ ದೊಡ್ಡ ಮಾತುಗಳನ್ನು ನನ್ನ ಪರವಾಗಿ ಸಭೆಯವರು ಆಡುತ್ತಿದ್ದರು.

ತೊಡಕಾದದ್ದು ಗುಳಿಗೆಯಿಂದ. ಸಭೆಯ ಹಿರಿಯರೊಬ್ಬರು, ಒಳ್ಳೆಯ ಮನುಷ್ಯರೇ, ಒಂದು ದಿನ ಹೆಗಲ ಮೇಲೆ ಕೈಯಿಟ್ಟು, “ವಿಶ್ವಾಸ ಇದ್ದಮ್ಯಾಲ ಗುಳಿಗಿ ಯಾಕ್ರಿ?” ಎಂದರು. ಅವರು ಬಿಪಿಗೆ ದಿನಾ ಗುಳಿಗೆ ನುಂಗುತ್ತಾರೆ. ಆದರೆ ಬಿಪಿ ಶರೀರದ್ದು, ಅದು ಬೇರೆ ಲೆಕ್ಕ. ನಾನು ವಾದ ಮಾಡಲಿಲ್ಲ. ವಾದಕ್ಕೆ ತ್ರಾಣವಿದ್ದಿದ್ದರೆ ಗುಳಿಗೆಯೇ ಬೇಕಿರಲಿಲ್ಲ. ಇಷ್ಟು ಜನ ನನಗಾಗಿ ಹೊಟ್ಟೆ ಕಟ್ಟಿ ಕೂತಿರುವಾಗ ನಾನು ತಿಂಡಿ ತಿಂದು ಗುಳಿಗೆ ನುಂಗುವುದಕ್ಕೆ ನಾಚಿಕೆಯಾಯಿತು. ಹೆಂಡತಿಗೂ ಹೇಳದೆ ನಿಲ್ಲಿಸಿಬಿಟ್ಟೆ.

ಅದರ ಮುಂದಿನ ಶುಕ್ರವಾರ ಪ್ರಾರ್ಥನೆಯ ನಡುವೆ ನನಗೆ ಕೈಕಾಲು ನಡುಗಲು ಶುರುವಾಯಿತು. ಉಸಿರು ಸಿಗಲಿಲ್ಲ. ಸತ್ತೇ ಹೋಗುತ್ತೇನೆ ಅನ್ನಿಸಿ ಕಣ್ಣಲ್ಲಿ ನೀರು ಬಂತು. ಪವಿತ್ರಾತ್ಮ ನನ್ನ ಮೇಲೆ ಇಳಿದಿದ್ದಾನೆಂದು ತಿಳಿದು ಸಭೆಯವರು ಹಲ್ಲೆಲೂಯಾ ಜೋರು ಮಾಡಿದರು. ನಾನು ಹೆಚ್ಚು ನಡುಗಿದಷ್ಟೂ ಅವರಿಗೆ ಸಂತೋಷ ಹೆಚ್ಚಾಯಿತು. ಹಿರಿಯರಂತೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನಗೆ ನೀರು ಬೇಕಿತ್ತು. ಅತ್ತೆ ಮಾತ್ರ ದನಿಗೂಡಿಸದೆ, ಒಂದು ಲೋಟ ನೀರು ತಂದು ನನ್ನ ಕೈಯಲ್ಲಿಟ್ಟು ಹೋದರು.

ನಮ್ಮ ಅತ್ತೆ ಅಳಿಯನ ಜೊತೆ ನೇರ ಮಾತಾಡುವವರಲ್ಲ. ನಮ್ಮ ಕಡೆಯ ಹಳೆಯ ಕಾಲದವರ ರೀತಿ ಅದು. ಮದುವೆಯಾದಾಗಿನಿಂದ ಏನಿದ್ದರೂ ಮಗಳ ಮೂಲಕವೇ. ನಾನು ಎದುರಿಗೇ ಕೂತಿದ್ದರೂ, “ಅವರಿಗೆ ಇನ್ನೊಂದು ರೊಟ್ಟಿ ಬೇಕೇನ್ ಕೇಳು” ಎನ್ನುತ್ತಾರೆ. ಬೇಡವಂತೆ ಎಂದು ಹೇಳು ಅಂತ ನಾನು ಹೆಂಡತಿಗೆ ಹೇಳುತ್ತೇನೆ. ಅವಳು ಇಬ್ಬರ ಮಾತನ್ನೂ ಕೇಳಿಸಿಕೊಂಡು ರೊಟ್ಟಿ ಹಾಕುತ್ತಾಳೆ.

ಮತ್ತೊಂದು ಶುಕ್ರವಾರ ಬಂತು. ಹೆಂಡತಿ ಪಡಸಾಲೆಯಲ್ಲಿ ಜಮಖಾನೆ ಹಾಸುತ್ತಿದ್ದಳು, ಜನ ಬರತೊಡಗಿದ್ದರು. ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ನಿಂತು, “ಒಳಗ ಬರ್ರಿ” ಎಂದರು. ಯಾರನ್ನು ಕರೆಯುತ್ತಿದ್ದಾರೆಂದು ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ಒಳಗೆ ತಟ್ಟೆಯಲ್ಲಿ ಬಿಸಿ ಉಪ್ಪಿಟ್ಟಿತ್ತು. ಪಕ್ಕದಲ್ಲಿ ನೀರು, ನನ್ನ ಗುಳಿಗೆ. ಗುಳಿಗೆ ಹಾಗೇ ಉಳಿದಿರುವುದನ್ನು ನೋಡಿ ಹೆಂಡತಿ ತಾಯಿಗೆ ಕೊಟ್ಟಿದ್ದಳು.

“ಅವತ್ತ ನೀರು ಕೊಡುಮುಂದ ನಿಮ್ಮ ಕೈ ಹತ್ತಿತ್ತು. ಐಸಿನಂಗ ತಣ್ಣಗಿತ್ತು. ಅಂಜಿದವರ ಕೈ ಅದು, ನನಗ ಗೊತ್ತೈತಿ,” ಎಂದರು ಅತ್ತೆ.

“ಇವತ್ತು ಉಪವಾಸ ಐತಲ್ರಿ,” ಎಂದೆ.

“ಐತಿ. ನಿಮ್ಮದು ನಾ ಮಾಡ್ತೀನಿ. ನೀವು ತಿನ್ರಿ.”

ನಾನು ತಿಂದೆ. ಅಷ್ಟರಲ್ಲಿ ಆ ಹಿರಿಯರು ನೀರು ಕೇಳಿಕೊಂಡು ಬಂದವರು ಬಾಗಿಲಲ್ಲೇ ನಿಂತು, “ಉಪ್ಪಿಟ್ಟಿನ ವಾಸನಿ ಬರಾಕತ್ತೈತಲ್ರಿ?” ಎಂದರು.

“ಹೌದ್ರಿ. ಅಳಿಯಂದಿರು ಗುಳಿಗಿ ತಗೋಬೇಕು,” ಎಂದರು ಅತ್ತೆ, ಸೆರಗು ಸರಿಮಾಡಿಕೊಂಡು. “ನಿಮ್ಮ ಬಿಪಿ ಗುಳಿಗಿ ಆತೇನ್ರಿ?”

“ಆತ್ರಿ,” ಎಂದು ಹಿರಿಯರು ನೀರು ಕುಡಿದು ಹೋದರು. ಆ ದಿನ ಅವರ ಪ್ರಾರ್ಥನೆ ಸ್ವಲ್ಪ ಚಿಕ್ಕದಾಗಿತ್ತು.

ಮೂರಕ್ಕೆ ಎಲ್ಲರೂ ಊಟಕ್ಕೆ ಕೂತರು. ಚಪಾತಿ, ಬದನೆಕಾಯಿ ಪಲ್ಯ, ಅನ್ನ, ಸಾರು. ನನಗೆ ಅದು ಎರಡನೆಯ ಊಟ. ಅತ್ತೆ ಬಡಿಸುತ್ತಲೇ ಇದ್ದರು, ಕೂರಲಿಲ್ಲ. ಪಾತ್ರೆ ತೊಳೆದಾಯಿತು, ಜನ ಹೋದರು, ಆಗಲೂ ಊಟಕ್ಕೆ ಕೂರಲಿಲ್ಲ.

“ಯವ್ವಾ, ನೀ ಯಾಕ ಇನ್ನೂ ಉಂಡಿಲ್ಲ?” ಎಂದು ಹೆಂಡತಿ ಕೇಳಿದಳು.

“ನಂದು ಮುಗೀತು. ಈಗ ಅವರದು ನಡದೈತಿ,” ಎಂದರು ಅತ್ತೆ.

ಎಷ್ಟೋ ತಿಂಗಳಿಂದ ನನಗೆ ಹೆದರಿಕೆಯಿಂದಷ್ಟೇ ಅಳು ಬರುತ್ತಿತ್ತು. ಆ ದಿನ ಬಂದದ್ದು ಬೇರೆ ಅಳು. ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಅತ್ತೆ ಅಕ್ಕಿ ಆರಿಸುತ್ತ ಕತ್ತಲಾಗುವವರೆಗೆ ಹಾಗೇ ಕೂತಿದ್ದರು, ಆಮೇಲೆ ಉಳಿದ ಅನ್ನ ಉಂಡರು.

ಗುಣವಾದೆನೆಂದು ಸಭೆಯ ಮುಂದೆ ನಿಂತು ಸಾಕ್ಷಿ ಹೇಳುವ ಸ್ಥಿತಿಗೆ ನಾನು ಬಂದಿಲ್ಲ. ಲಾರಿ ಗೇಟು ದಾಟುವಾಗ ಎದೆ ಈಗಲೂ ಒಮ್ಮೆ ಜಗ್ಗುತ್ತದೆ. ಸ್ನಾನಕ್ಕೆ ಈಗಲೂ ಸ್ವಾಮಿಯನ್ನು ಕೇಳುತ್ತೇನೆ. ಗುಳಿಗೆ ಮಾತ್ರ ಬಿಟ್ಟಿಲ್ಲ. ಬಿಟ್ಟರೆ ಒಬ್ಬರು ಹಸಿದದ್ದು ವ್ಯರ್ಥವಾಗುತ್ತದೆ.

ಆ ಉಪ್ಪಿಟ್ಟು ತಿಂದ ಮುಂದಿನ ಶುಕ್ರವಾರ ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಗೆ ಅಂದೆ: “ಅತ್ಯಾರಿಗೆ ಹೇಳು, ನನ್ನ ಸಲುವಾಗಿ ಅವರು ಕತ್ತಲಾಗೂತನಕ ಹಸಕೊಂಡಿರೋದು ಬ್ಯಾಡ.”

ಅತ್ತೆ ನನ್ನ ಕಡೆ ನೋಡಲಿಲ್ಲ.

“ಅವರಿಗೆ ಹೇಳು,” ಎಂದರು ಮಗಳಿಗೆ, “ಉಪ್ಪಿಟ್ಟು ಆರಾಕತ್ತೈತಿ.”