ಬದರಿನಾಥರ ಅರವತ್ತಾರರ ಮಸ್ಟಾಂಗ್

"ಆ ಕಾರಲ್ಲಿ ನಾನು ಕೂತ್ಕೋಬಹುದಾ? ನೀವೇ ಹೇಳಿ" ಎಂದು ಸತ್ಯವತಿಯವರು ಕೇಳಿದಾಗ ನಾನು ಮಾತು ತೇಲಿಸಿದೆ. ನಾವು ನೆಲೆಸಿದ ಈ ದ್ವೀಪದೇಶದ ವುಡ್‌ಲ್ಯಾಂಡ್ಸ್ ಬಡಾವಣೆಯಲ್ಲಿ, ಅವರ ಬ್ಲಾಕಿನ ಕೆಳಗಿನ ತೆರೆದ ಜಾಗವಾದ ವಾಯ್ಡ್ ಡೆಕ್‌ನಲ್ಲಿ ತರಕಾರಿ ಚೀಲವನ್ನು ಬೆಂಚಿನ ಮೇಲಿಟ್ಟು, ಗಂಡ ಕೆಳಗಿಳಿದು ಬರುವುದರೊಳಗೆ ಮಾತು ಮುಗಿಯಬೇಕೆಂಬಂತೆ ಲಿಫ್ಟಿನತ್ತ ನೋಡುತ್ತಲೇ ಕೇಳಿದ್ದರು. ಆಯುಧಪೂಜೆಗೆ ಒಂದು ವಾರ ಉಳಿದಿತ್ತು. ಅಂದು ಕಾರು ಮೊದಲ ಬಾರಿಗೆ ಸ್ವಂತ ಬಲದಿಂದ ಚಲಿಸುವಾಗ ಪಕ್ಕದ ಸೀಟಿನಲ್ಲಿ ಹೆಂಡತಿಯೇ ಇರಬೇಕೆಂದು ಬದರಿನಾಥರು ಪಟ್ಟು ಹಿಡಿದಿದ್ದರು.

ಬದರಿನಾಥರು ಮೈಸೂರಿನ ಕೃಷ್ಣಮೂರ್ತಿಪುರಂನವರು. ಇಪ್ಪತ್ತಾರು ವರ್ಷ ಇಲ್ಲಿನ ಹಡಗು ದುರಸ್ತಿ ಕಾರ್ಖಾನೆಯೊಂದರಲ್ಲಿ ಎಂಜಿನುಗಳ ಉಸ್ತುವಾರಿ ನೋಡಿ ನಿವೃತ್ತರಾದರು. ನಿವೃತ್ತಿಯ ವರ್ಷವೇ, ಆಸ್ಟ್ರೇಲಿಯಾದಲ್ಲಿ ಬಲಗಡೆ ಸ್ಟಿಯರಿಂಗ್‌ಗೆ ಮಾರ್ಪಡಿಸಿದ್ದ ೧೯೬೬ರ ಮಸ್ಟಾಂಗ್ ಕಾರೊಂದನ್ನು ಕೊಂಡರು. ನೆಲದ ತಗಡು ಬೆರಳಿಟ್ಟರೆ ಹಪ್ಪಳದಂತೆ ಮುರಿಯುತ್ತಿತ್ತು. ಕಾಕಿ ಬುಕಿತ್‌ನ ಬಹುಮಹಡಿ ಕೈಗಾರಿಕಾ ಕಟ್ಟಡದ ನಾಲ್ಕನೆಯ ಅಂತಸ್ತಿನಲ್ಲಿ ಕೊಕ್ ಸೆಂಗ್ ಎಂಬ ಹಳೆಯ ಮೆಕ್ಯಾನಿಕ್ಕಿನ ಗ್ಯಾರೇಜಿದೆ. ಅದರ ಒಂದು ಮೂಲೆಯಲ್ಲಿ ಮೂರು ವರ್ಷ ಕಾರನ್ನು ಬಿಚ್ಚಿದರು, ಬೆಸೆದರು, ಮತ್ತೆ ಜೋಡಿಸಿದರು. ಪ್ರತಿ ಬೋಲ್ಟಿಗೂ ಹಾರ್ಲಿಕ್ಸ್ ಬಾಟಲಿಯೊಂದಿತ್ತು, ಪ್ರತಿ ಬಾಟಲಿಗೂ ಕನ್ನಡದ ಚೀಟಿ: "ಎಡ ಬಾಗಿಲು, ಮೇಲಿನ ಕೀಲು."

ಶನಿವಾರಗಳಂದು ನಾನು ಅಲ್ಲಿಗೆ ಹೋಗುತ್ತಿದ್ದೆ. ಕೆಲಸಕ್ಕಿಂತ ವಾದಕ್ಕೆ ನೆರವಾಗುತ್ತಿದ್ದೆ ಎಂಬುದೇ ಸರಿ. ವಾದದ ವಿಷಯ ಬಹುತೇಕ ಒಂದೇ. ಆ ಕಾಲದ ಕಾರಿನಲ್ಲಿ ನಾಲ್ಕೂ ಚಕ್ರಗಳ ಬ್ರೇಕಿಗೆ ಎಣ್ಣೆ ಒಂದೇ ಕೊಳವೆಜಾಲದಲ್ಲಿ ಹರಿಯುತ್ತದೆ. ಎಲ್ಲೋ ಒಂದು ಕಡೆ ಸೋರಿದರೂ ನಾಲ್ಕೂ ಚಕ್ರಗಳ ಬ್ರೇಕು ಕೈಕೊಡುತ್ತದೆ. ನಂತರದ ಕಾರುಗಳಲ್ಲಿ ಮುಂದಿನದಕ್ಕೂ ಹಿಂದಿನದಕ್ಕೂ ಬೇರೆ ಬೇರೆ ಜಾಲಗಳಿವೆ. ಅದನ್ನು ಹಾಕಿಸಿ ಎಂದು ಎರಡು ವರ್ಷ ಹೇಳಿದೆ. ಅವರು ಒಪ್ಪಲಿಲ್ಲ.

"ವಿಜ್ಞಾನಿಗಳೇ, ನಿಮ್ಮಜ್ಜಿಗೆ ಹಲ್ಲು ಕಟ್ಟಿಸಿ, ಬೇಡ ಅನ್ನಲ್ಲ. ನಾಲಿಗೇನೇ ಚೇಂಜ್ ಮಾಡಿದ್ರೆ ಅವರು ನಿಮ್ಮಜ್ಜಿನಾ?"

ವಿಜ್ಞಾನದ ಪುಸ್ತಕಗಳನ್ನು ಓದುತ್ತೇನೆಂಬುದಕ್ಕೆ ಅವರು ನನಗಿಟ್ಟ ಹೆಸರು ಅದು. ಒಮ್ಮೆ ಇದೇ ವಾದದ ನಡುವೆ ಅವರ ಮಾತು ನಿಂತಿತು. ಸ್ಪ್ಯಾನರ್ ಗಾಳಿಯಲ್ಲಿ ನಿಂತಿತ್ತು. ಏನನ್ನೋ ಮೆಲ್ಲುವವರಂತೆ ತುಟಿಗಳು ಆಡುತ್ತಿದ್ದವು. ಅರ್ಧ ನಿಮಿಷವಾದ ಮೇಲೆ "ಏನಂದ್ರಿ?" ಎಂದರು. ಕೆಲಸದಲ್ಲಿ ಇಷ್ಟು ತಲ್ಲೀನರಾಗುವವರನ್ನು ನಾನು ಕಂಡಿಲ್ಲವೆಂದು ಮನೆಯಲ್ಲಿ ಹೊಗಳಿಕೊಂಡೆ.

ಪೂಜೆಯ ಮಧ್ಯಾಹ್ನ ನಾನು ಹೋದಾಗ ಅವರು ಕಾರಿನ ಅಡಿ ಮಲಗಿ, ಹಿಂದಿನ ಎಡಚಕ್ರಕ್ಕೆ ಬ್ರೇಕಿನ ಕೊಳವೆ ಜೋಡಿಸುತ್ತಿದ್ದರು. ಅವರ ತಾಯಿಯ ಕಾಲದ ಕಟ್ಟಳೆಯೊಂದನ್ನು ಈ ದೇಶದಲ್ಲೂ ತಪ್ಪಿಸಿದವರಲ್ಲ: ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯವರೆಗೆ ಎತ್ತುವಂತಿಲ್ಲ. ಸತ್ಯವತಿಯವರು ರಾಹುಕಾಲ ಹತ್ತಿರವಾಯಿತೆಂದು ಅವಸರಪಡಿಸಿದರು. ಬದರಿನಾಥರು ಕೊನೆಯ ನಟ್ಟನ್ನು ಬೆರಳಿನಲ್ಲೇ ತಿರುಗಿಸಿ, ಹೊರಬಂದು, ಸ್ಪ್ಯಾನರನ್ನು ಒರೆಸಿ ಬಾಳೆಲೆಯ ಮೇಲೆ ಉಳಿದ ಸಾಮಾನುಗಳ ಸಾಲಿಗಿಟ್ಟರು. ಅದಕ್ಕೂ ಅರಿಶಿನ, ಕುಂಕುಮ ಬಿತ್ತು.

ನಟ್ಟು ಬಿಗಿಯಾಗಿಲ್ಲವೆಂದು ನಾನು ಮೆಲ್ಲಗೆ ಹೇಳಿದೆ.

"ನಿಂಬೆಹಣ್ಣು ಹತ್ತಿಸಿ ಎರಡಡಿ ಮುಂದೆ ಹೋಗಿ ನಿಲ್ಲೋದು, ಅಷ್ಟೇ ತಾನೆ" ಎಂದರು.

ಸತ್ಯವತಿಯವರು ಬಾಗಿಲ ಬಳಿ ನಿಂತು ನನ್ನ ಮುಖ ನೋಡಿದರು. ನಾನು ಆರತಿ ತಟ್ಟೆಯನ್ನು ನೋಡಿದೆ. ಅವರು ಹತ್ತಿ ಕುಳಿತರು.

ಎಂಜಿನ್ ಗುಡುಗಿತು. ನಾಲ್ಕು ನಿಂಬೆಹಣ್ಣುಗಳು ಒಡೆದವು. ಎರಡಡಿಯಾಯಿತು, ನಾಲ್ಕಾಯಿತು, ಕಾರು ನಿಲ್ಲಲಿಲ್ಲ. ವೇಗವೇನೂ ಇರಲಿಲ್ಲ, ನಡೆದು ಹಿಂದಿಕ್ಕಬಹುದಾದ ಆ ನಿಧಾನವೇ ಭಯ ಹುಟ್ಟಿಸುವಂತಿತ್ತು. ಗ್ಯಾರೇಜಿನ ಬಾಗಿಲು ದಾಟಿ, ಎದುರಿನ ಓಣಿ ದಾಟಿ, ಲಾರಿಗಳು ಇಳಿಯುವ ಇಳಿಜಾರಿನ ಬಾಯಿಯತ್ತ ಅದು ನೇರವಾಗಿ ಸಾಗಿತು. ಒಳಗಿಂದ "ರೀ... ರೀ..." ಎಂಬ ಸದ್ದು ಕೇಳುತ್ತಿತ್ತು. ಬದರಿನಾಥರು ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಬೆನ್ನು ನೆಟ್ಟಗೆ ಮಾಡಿ, ಫೋಟೋಗೆ ಕುಳಿತವರಂತೆ ಎದುರು ನೋಡುತ್ತಿದ್ದರು. ಇಳಿಜಾರಿನ ಅಂಚಿನ ಕಾಂಕ್ರೀಟ್ ಕಂಬಕ್ಕೆ ಮೂತಿ ಬಡಿದು ಕಾರು ನಿಂತಿತು. ಕೊಕ್ ಸೆಂಗ್ ಓಡಿಹೋಗಿ ಕೀಲಿ ತಿರುಗಿಸಿದ. ಸತ್ಯವತಿಯವರ ಮಣಿಕಟ್ಟು ಮುರಿದಿತ್ತು.

ಬದರಿನಾಥರು ಕಂಬವನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ನಿಂಬೆಹಣ್ಣು ಇಟ್ಟಾಯ್ತಾ?"

ಆಘಾತವೆಂದುಕೊಂಡೆವು.

ಆಸ್ಪತ್ರೆಯ ಕಾರಿಡಾರಿನಲ್ಲಿ ನಾನು ನಟ್ಟಿನ ವಿಷಯವೆತ್ತಿದೆ. ಎರಡು ವರ್ಷ ಒಂದು ಮಾತಿಗೂ ಸೋಲದಿದ್ದ ಮನುಷ್ಯ ಒಂದೇ ನಿಮಿಷದಲ್ಲಿ ಸೋತರು. ಹೌದು, ತಪ್ಪು ತನ್ನದೇ, ನಟ್ಟನ್ನು ಬಿಗಿ ಮಾಡಬೇಕಿತ್ತು, ನೀವು ಹೇಳಿದ ಎರಡು ಜಾಲದ ಬ್ರೇಕನ್ನೇ ಹಾಕಿಸೋಣ ಎಂದರು. ಕೊಕ್ ಸೆಂಗ್ ಮಾತ್ರ ಬೇರೊಂದು ಮಾತು ಹೇಳಿದ: ತಾನು ಕಾರಿನ ಹಿಂದೆ ನಿಂತಿದ್ದೆ, ಬ್ರೇಕ್ ಒತ್ತಿದರೆ ಹಿಂದೆ ಹೊತ್ತುವ ಕೆಂಪು ದೀಪ ಒಮ್ಮೆಯೂ ಹೊತ್ತಲಿಲ್ಲ. ಅರ್ಧ ಜೋಡಿಸಿದ ಕಾರಿನಲ್ಲಿ ಹೊತ್ತದ ದೀಪ ಯಾವುದಕ್ಕೂ ಸಾಕ್ಷಿಯಲ್ಲವೆಂದು ನಾನು ಅದನ್ನು ತಳ್ಳಿಹಾಕಿದೆ. ನನಗೆ ಕಾರಣ ಸಿಕ್ಕಿತ್ತು, ಅದೂ ನನಗೆ ಒಗ್ಗುವ ಕಾರಣ: ಕುಂಕುಮ ಹಚ್ಚಿದ ಸ್ಪ್ಯಾನರನ್ನು ಎತ್ತಬಾರದೆಂಬ ಒಂದು ನಂಬಿಕೆ ಇಬ್ಬರನ್ನು ಇಳಿಜಾರಿನ ಅಂಚಿಗೆ ಒಯ್ದಿತು. ಆ ಚಳಿಗಾಲದಲ್ಲಿ ಊರಿಗೆ ಹೋದಾಗಲೂ ಈ ಕಥೆಯನ್ನು ನಾಲ್ಕು ಮನೆಗಳಲ್ಲಿ ಹೇಳಿದೆ.

ಹೊಸ ಬ್ರೇಕ್ ಬಂತು. ಕೊಕ್ ಸೆಂಗ್ ಓಡಿಸಿದ, ನಾನು ಪಕ್ಕದಲ್ಲಿ ಕುಳಿತೆ. ಹತ್ತು ಸಲ ಒತ್ತಿದ. ಹತ್ತು ಸಲವೂ ಕಾರು ಅಂದುಕೊಂಡಲ್ಲಿ ನಿಂತಿತು, ಕೆಂಪು ದೀಪವೂ ಹೊತ್ತಿತು. ದೀಪದ ತಂತಿಯನ್ನು ಈ ನಡುವೆ ಯಾರೂ ಮುಟ್ಟಿಲ್ಲವೆಂದು ಅವನು ಅಂದಾಗ ನಾನು ಸೀಟ್‌ಬೆಲ್ಟ್ ಬಿಚ್ಚುತ್ತಿದ್ದೆ. ಯುಗಾದಿಯ ಬೆಳಗ್ಗೆ ಗಂಡ ಹೆಂಡತಿ ಚಾಂಗಿ ಕಡಲತೀರದವರೆಗೆ ಹೋಗಿಬರುವುದೆಂದು ನಿಶ್ಚಯವಾಯಿತು. ಸತ್ಯವತಿಯವರು ಮತ್ತೆ ಅದೇ ವಾಯ್ಡ್ ಡೆಕ್‌ನಲ್ಲಿ ಸಿಕ್ಕಾಗ ಈ ಬಾರಿ ನನಗೆ ಉತ್ತರ ತಿಳಿದಿತ್ತು. ಧೈರ್ಯವಾಗಿ ಕುಳಿತುಕೊಳ್ಳಿ ಎಂದೆ.

"ನಿಮ್ಮ ಮಾತಿನ ಮೇಲೆ ಕೂತ್ಕೋತೀನಿ. ಕಾರಿನ ಮೇಲೆ ಅಲ್ಲ" ಎಂದರು.

ಹಬ್ಬಕ್ಕೆ ಒಂಬತ್ತು ದಿನವಿರುವಾಗ ಬದರಿನಾಥರು ಬೆಳಗ್ಗೆ ಬಚ್ಚಲಲ್ಲಿ ಬಿದ್ದರು. ತಲೆಗೆ ಪೆಟ್ಟಾಗಿತ್ತು. ಮೂರನೆಯ ದಿನ, ಪ್ರಜ್ಞೆ ಮರಳದೆಯೇ, ಹೋದರು. ಜಾರಿ ಬಿದ್ದರೆಂದು ಎಲ್ಲರೂ ಹೇಳಿದೆವು.

ವೈಕುಂಠ ಸಮಾರಾಧನೆಯಾದ ಎರಡು ದಿನಕ್ಕೆ ಅವರ ಫೋನಿಗೆ ಆಸ್ಪತ್ರೆಯೊಂದರ ನರರೋಗ ವಿಭಾಗದಿಂದ ಮುಂದಿನ ಭೇಟಿಯನ್ನು ನೆನಪಿಸುವ ಸಂದೇಶ ಬಂತು. ಹೀಗೊಂದು ಭೇಟಿಯಿದೆಯೆಂದು ಸತ್ಯವತಿಯವರಿಗೆ ತಿಳಿದಿರಲಿಲ್ಲ. ಒಬ್ಬಳೇ ಹೋಗಲಾರೆನೆಂದು ನನ್ನನ್ನು ಜೊತೆಗೆ ಕರೆದರು. ಕುಳಿತಲ್ಲೇ, ಕಣ್ಣು ತೆರೆದೇ ಇರುವಾಗ ಅರ್ಧ ನಿಮಿಷ ಎಚ್ಚರ ತಪ್ಪಿಹೋಗುವ ಒಂದು ಬಗೆಯ ಅಪಸ್ಮಾರಕ್ಕೆ ಬದರಿನಾಥರು ಅಲ್ಲಿ ಗುಟ್ಟಾಗಿ ಚಿಕಿತ್ಸೆ ಪಡೆಯುತ್ತಿದ್ದರು. ವೈದ್ಯರು ಕಡತದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಇನ್ನು ಯಾವ ವಾಹನವನ್ನೂ ಓಡಿಸುವುದಿಲ್ಲವೆಂಬ ಆ ಹೇಳಿಕೆಗೆ ಬದರಿನಾಥರು ಸಹಿ ಹಾಕಿದ್ದು ಆ ಆಯುಧಪೂಜೆಗೆ ಹದಿನಾಲ್ಕು ತಿಂಗಳು ಮುಂಚೆ.